ಒಂದು ದಿನದ ಒಳ್ಳೆಯತನ

ದಾನಿಯೇಲಪ್ಪನ ಕಷ್ಟಕ್ಕೆಲ್ಲ ಮೂಲ ಎಂದೋ ಒಂದು ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗ. ಒಳ್ಳೆಯತನ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ, ದಿನವೂ ನೀರು ಹನಿಸಿದರೆ ಎಂಥ ಒಣ ಎದೆಯಲ್ಲೂ ದೇವರು ಅದನ್ನು ಬೆಳೆಸುತ್ತಾನೆ ಎಂದು ಪಾದ್ರಿಗಳು ಹೇಳಿದರು. ಉಳಿದವರು ಆ ಮಾತನ್ನು ಚರ್ಚಿನ ಮೆಟ್ಟಿಲ ಮೇಲೇ ಬಿಟ್ಟು ಊಟಕ್ಕೆ ಹೋದರು. ದಾನಿಯೇಲಪ್ಪ ಮನೆಗೆ ಹೊತ್ತು ತಂದ.

ಅವನದು ಒಣ ಎದೆಯೇ. ದವಾಖಾನೆಯೊಂದರಲ್ಲಿ ಕಂಪೌಂಡರ್ ಆಗಿದ್ದ. ಹಳೇ ಬಾಗಲಕೋಟೆಯ ಓಣಿಯಲ್ಲಿ ಎಡಕ್ಕೆ ಗುರಪ್ಪ, ಬಲಕ್ಕೆ ಲಾಡಬಿ, ನಡುವೆ ಇವನು, ಅಡಕತ್ತರಿಯೊಳಗಿನ ಅಡಕೆಯ ಹಾಗೆ ಇಪ್ಪತ್ತು ವರ್ಷ ಕಳೆದಿದ್ದ. ಗುರಪ್ಪನಿಗೆ ಹೊಟ್ಟೆನೋವು ಬರುತ್ತಿದ್ದುದು ಊಟದ ಹೊತ್ತಿಗೇ. ಗುಳಿಗೆ ಕೇಳಲು ಬಂದವನು ಎರಡು ರೊಟ್ಟಿ ಮುಗಿಸಿಯೇ ಏಳುತ್ತಿದ್ದ. ಲಾಡಬಿ ಕಲ್ಲಿನ ಹಾಗೆ ಗಟ್ಟಿ, ಆದರೆ ಅವಳ ಆಡಿಗೆ ಇಲ್ಲದ ಕಾಯಿಲೆಯಿರಲಿಲ್ಲ. ಅದರ ಕೆಮ್ಮು ತೋರಿಸಲು ಹೊತ್ತು ಹುಟ್ಟುವ ಮೊದಲೇ ಕದ ಬಡಿಯುತ್ತಿದ್ದಳು. ಭಾನುವಾರ ಚಿಗುರಿದ ಒಳ್ಳೆಯತನ ಸೋಮವಾರ ಆ ಸದ್ದಿಗೇ ಬಾಡಿಹೋಗುತ್ತಿತ್ತು. ಇನ್ನು ಸಾಯುವವರೆಗೂ ತಾನು ಒಳ್ಳೆಯವನಾಗುವುದಿಲ್ಲ ಎಂದು ಅವನು ಎಂದೋ ಆಸೆ ಬಿಟ್ಟಿದ್ದ.

ಅಷ್ಟರಲ್ಲಿ ಊರಿಗೆ ಅಣೆಕಟ್ಟಿನ ಹಿನ್ನೀರು ಬರುವುದು ಖಚಿತವಾಯಿತು. ಓಣಿಗೆ ಓಣಿಯೇ ಬಾಗಿಲು, ಚೌಕಟ್ಟು ಕಿತ್ತುಕೊಂಡು ನವನಗರಕ್ಕೆ ಹೊರಟಿತು. ದಾನಿಯೇಲಪ್ಪನಿಗೆ ಸಿಕ್ಕಿದ ಪ್ಲಾಟು ಒಂದು ತುದಿಗೆ. ಗುರಪ್ಪನದು ಇನ್ನೊಂದು ತುದಿಗೆ, ದೊಡ್ಡ ರಸ್ತೆಯ ಮೂಲೆಯಲ್ಲಿ; ಅಲ್ಲಿ ಕಿರಾಣಿ ಅಂಗಡಿ ಇಡುವುದು ಅವನ ಕನಸು. ಲಾಡಬಿಯದು ಮತ್ತೆಲ್ಲೋ. ಆ ಸುದ್ದಿ ತಿಳಿದ ದಿನ ದಾನಿಯೇಲಪ್ಪ ಮೊಣಕಾಲೂರಿ ಕಣ್ಣೀರು ಹಾಕಿದ. ಹಳೆಯ ಮನೆಗಾಗಿ ಅಳುತ್ತಾನೆಂದು ಓಣಿಯವರು ಬಂದು ಸಮಾಧಾನ ಹೇಳಿದರು.

ಸಾಮಾನು ಸಾಗಿಸುವುದು ಸೋಮವಾರ. ಅಂದರೆ ಈ ಇಬ್ಬರ ನಡುವೆ ಇನ್ನು ಒಂದೇ ದಿನ. ಆ ಒಂದು ದಿನ ಯಾರಿಗೂ ಇಲ್ಲ ಅನ್ನಬಾರದು, ಒಳ್ಳೆಯವನಾಗಿಯೇ ಓಣಿ ಬಿಡಬೇಕು ಎಂದು ನಿಶ್ಚಯಿಸಿದ.

"ಇಪ್ಪತ್ತ ವರ್ಷದಾಗ ಆಗದ್ದು ಒಂದ ದಿನದಾಗ ಆಗತೈತೇನ್ರಿ?" ಎಂದಳು ಹೆಂಡತಿ ಪ್ರೀತಿ.

"ಒಂದ ದಿನಾ ಅಂತನ ಆಗತೈತಿ," ಎಂದ.

ಸೋಮವಾರ ಬೆಳಿಗ್ಗೆ ಹುಚ್ಚೇಶನ ಟೆಂಪೋ ಬಂದು ನಿಂತಿತು. ಗುರಪ್ಪ ಓಡಿ ಬಂದು, ತನ್ನ ಅಪ್ಪ ಮಾಡಿಸಿದ ಬಾಗಿಲೊಂದಿದೆ, ಅದಷ್ಟನ್ನು ಹಾಕಿಕೊಂಡರೆ ಸಾಕು ಎಂದು ಕೈಮುಗಿದ. ದಾನಿಯೇಲಪ್ಪ ಹೂಂ ಅಂದ. ಬಾಗಿಲಿನ ಹಿಂದೆ ಚೌಕಟ್ಟು ಬಂತು, ಚೌಕಟ್ಟಿನ ಹಿಂದೆ ಮಂಚ, ಮಂಚದ ಹಿಂದೆ ಒರಳುಕಲ್ಲು. ಒರಳಿಗೆ ಕೈ ಹಚ್ಚಿದಾಗ ದಾನಿಯೇಲಪ್ಪನ ಸೊಂಟದಲ್ಲಿ ಹಪ್ಪಳ ಮುರಿದಂತೆ ಸದ್ದಾಯಿತು. ತನ್ನೊಳಗೆ ಏನಾದರೂ ಬೆಳೆಯಿತೇ ಎಂದು ಪರೀಕ್ಷಿಸಿಕೊಂಡ. ನೋವು ಬೆಳೆದಿತ್ತು.

ಗುರಪ್ಪನ ಸಾಮಾನಿನಿಂದಲೇ ಟೆಂಪೋ ತುಂಬಿತು. ಇದನ್ನು ನೋಡಿ ಲಾಡಬಿ, ಮುಂದಿನ ಸಲ ತನ್ನದೂ ಹೋಗಲಿ ಎಂದಳು. ಅದಕ್ಕೂ ಹೂಂ ಅಂದ. ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು.

"ನಮ್ಮ ಆಡಿನ ಗತಿ ಏನ ತಮ್ಮಾ? ಅಲ್ಲಿ ನಿನ್ನಂಥಾ ಮನಷ್ಯಾ ಎಲ್ಲಿ ಸಿಗತಾನ?"

ದಿನವಿನ್ನೂ ಮುಗಿದಿರಲಿಲ್ಲ. ಒಳ್ಳೆಯ ಮಾತೊಂದನ್ನು ಆಡಲೇಬೇಕಿತ್ತು.

"ನಿಮ್ಮಿಬ್ಬರನ್ನ ಬಿಟ್ಟ ಹೆಂಗ ಇರ್ಲಿ ಅಂತ ನನಗೂ ನಿದ್ದಿ ಇಲ್ಲ ನೋಡ ಅಕ್ಕಾ," ಎಂದ.

ಬೀಗರನ್ನು ಬಸ್ಸು ಹತ್ತಿಸುವಾಗ ಎಲ್ಲರಿಗೂ ಅಕ್ಕರೆ ಉಕ್ಕುತ್ತದಲ್ಲ, ಅಂಥ ಮಾತು ಅದು. ಆದರೆ ಗುರಪ್ಪ ಅದನ್ನು ಕೇಳಿ ಹಗ್ಗ ಬಿಗಿಯುವುದನ್ನು ಬಿಟ್ಟ. ಲಾಡಬಿಯ ಮುಖ ನೋಡಿದ. ಟೆಂಪೋ ಹತ್ತಿ ಹೋದವನು, ಸಾಮಾನು ಹೊರುವುದಕ್ಕೆ ಮರಳಿ ಬರಲೇ ಇಲ್ಲ.

ಮಧ್ಯಾಹ್ನ ಲಾಡಬಿಯ ಸರದಿ. ಬಿಸಿಲಿಗೆ ಆಡು ತಾಳುವುದಿಲ್ಲವೆಂದು ಅದನ್ನು ಡ್ರೈವರನ ಪಕ್ಕ ಕೂರಿಸಬೇಕಾಯಿತು. ಎತ್ತಿ ಕೂರಿಸುವಷ್ಟರಲ್ಲಿ ಅದು ದಾನಿಯೇಲಪ್ಪನ ಅಂಗಿಯ ತೋಳನ್ನು ಮೊಣಕೈವರೆಗೆ ತಿಂದಿತ್ತು. ಅವನು ಅದರ ತಲೆ ಸವರಿದ. ಸವರುತ್ತಲೇ, ಕತ್ತಲಾಗಲು ಇನ್ನೆಷ್ಟು ಹೊತ್ತಿದೆ ಎಂದು ಸೂರ್ಯನನ್ನು ನೋಡಿದ. ತನ್ನ ಒಳ್ಳೆಯತನ ಕೂಲಿಯವನ ಹಾಗೆ ಹೊತ್ತು ಮುಳುಗುವುದನ್ನೇ ಕಾಯುತ್ತಿದೆ ಎಂದು ಆಗ ಹೊಳೆದು, ಅವನಿಗೆ ಅಳು ಬಂತು.

ಸಂಜೆ ತಮ್ಮ ಸಾಮಾನನ್ನು ಗಂಡಹೆಂಡತಿ ಇಬ್ಬರೇ ಹೇರಿದರು. ಪ್ರೀತಿಯ ನಿಲುವುಗನ್ನಡಿಗೆ ಯಾರೋ ಹೊದೆಯುವ ಕೌದಿ ಸುತ್ತಿಟ್ಟಿದ್ದರು. ಲಾಡಬಿಯ ಕೌದಿ, ಅವಳ ಹತ್ತಿರ ಇದ್ದದ್ದೇ ಒಂದು. ದಾನಿಯೇಲಪ್ಪ ಅದನ್ನು ನೋಡಿ ಮುಖ ತಿರುಗಿಸಿದ. ದಾರಿಯುದ್ದಕ್ಕೂ ಹುಚ್ಚೇಶ ತನ್ನಷ್ಟಕ್ಕೇ ನಗುತ್ತಿದ್ದ. ಯಾಕೆಂದು ಕೇಳುವ ತ್ರಾಣ ಯಾರಿಗೂ ಇರಲಿಲ್ಲ.

ಪ್ಲಾಟಿನಲ್ಲಿ ಒಂದು ತಗಡಿನ ಶೆಡ್ಡು. ಎದುರಿಗೆಲ್ಲ ಬಯಲು, ಗಾಳಿ. ದಾನಿಯೇಲಪ್ಪ ಟ್ರಂಕಿನ ಮೇಲೆ ಕೂತು ಆ ಮೌನವನ್ನು ಕಬ್ಬಿನ ಹಾಲಿನಂತೆ ಗುಟುಕು ಗುಟುಕಾಗಿ ಕುಡಿದ. ಆಮೇಲೆ ಎಡಕ್ಕೆ ತಿರುಗಿದ. ಪಕ್ಕದ ಶೆಡ್ಡಿನ ಮುಂದೆ ಒಂದು ಒರಳುಕಲ್ಲು ಇತ್ತು. ಆ ಒರಳು ಅವನಿಗಿಂತ ಮೊದಲು ಅವನ ಸೊಂಟಕ್ಕೆ ಗುರುತು ಸಿಕ್ಕಿತು.

ಶೆಡ್ಡಿನಿಂದ ಗುರಪ್ಪ ಹೊರಗೆ ಬಂದ. ಬಲಗಡೆ ಆಡು ಕೆಮ್ಮಿತು.

"ಸಾಹೇಬ್ರ, ನೀವು ಮುಂಜಾನೆ ಅಂದ ಮಾತಿಗೆ ಕರಳ ಚುರ್ ಅಂತು. ಇಪ್ಪತ್ತ ವರ್ಷ ನಾವ ಇವರಿಗೆ ಬ್ಯಾಸರಾಗೇವಿ ಅಂತ ತಿಳದಿದ್ನಿ. ಈ ಬಾಜೂದಾವ ನನ್ನ ಮೂಲಿ ಪ್ಲಾಟಿಗೆ ಒಂದ ಮಾತಿಗೆ ಬದ್ಲಿ ಒಪ್ಪಿದ. ಆ ಕಡಿದಾವಂಗ ಅಕ್ಕಾನ ಪ್ಲಾಟ ಕೊಟ್ವಿ," ಎಂದ ಗುರಪ್ಪ.

"ಮತ್ತ ನಿನ್ನ ಅಂಗಡಿ?" ದಾನಿಯೇಲಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು.

"ಹೋಗ್ಲಿ ಬಿಡ್ರಿ. ಅಂಗಡಿ ಏನ್ ದೊಡ್ಡದು?"

ಒಳ್ಳೆಯತನ ಹೇಗಿರುತ್ತದೆಂದು ದಾನಿಯೇಲಪ್ಪ ಅವತ್ತು ಮೊದಲ ಸಲ ಕಣ್ಣಾರೆ ಕಂಡ. ಅದು ಹಲ್ಲು ಕಿರಿದು ಎದುರಿಗೇ ನಿಂತಿತ್ತು, ಬೆಳಗಾದರೆ ರೊಟ್ಟಿಗೆ ಬರುವುದಿತ್ತು.

ಪ್ರೀತಿ ಕಂದೀಲು ಹಚ್ಚಿ, ಹೊಸ ಜಾಗದಲ್ಲಿ ಪ್ರಾರ್ಥನೆ ಮಾಡಿರಿ ಎಂದಳು. ಗುರಪ್ಪ, ಲಾಡಬಿ ತಾವೂ ಬಂದು ಭಕ್ತಿಯಿಂದ ತಲೆಬಾಗಿ ನಿಂತರು. ದಾನಿಯೇಲಪ್ಪ ಕಣ್ಣು ಮುಚ್ಚಿದ. ಕರ್ತನೇ ಅಂದ. ಉಪಕಾರ ಸ್ಮರಣೆಗೆಂದು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

ಗುರಪ್ಪ ಒಂದು ಕಣ್ಣು ಬಿಟ್ಟು ನೋಡಿ ಮೆಲ್ಲಗೆ ಹೇಳಿದ:

"ಸಾವಕಾಶ ಮಾಡ್ರಿ ಸಾಹೇಬ್ರ. ನಾವೇನ್ ಇನ್ನ ಎಲ್ಲೂ ಹೋಗಂಗಿಲ್ಲ."