ಕಿಟಕಿ ಬಿಡದ ಮಾವ

ಯಲಹಂಕದ ಸೀಮೆಯಲ್ಲಿ ಬೀಸುವ ಗಾಳಿಯಷ್ಟನ್ನೂ ಒಬ್ಬನೇ ಮನುಷ್ಯ ಬೆನ್ನಿನಲ್ಲಿ ತಡೆದು ನಿಲ್ಲಿಸಬಲ್ಲನೇ? ನಮ್ಮ ಸೋದರಮಾವ ನಿಲ್ಲಿಸುತ್ತಿದ್ದ! ಮನೆ, ಹೋಟೆಲು, ಬಸ್ಸು, ಎಲ್ಲೇ ಹೋಗಲಿ, ಕಿಟಕಿ ಪಕ್ಕದ ಜಾಗ ಅವನದೇ. ಹೊರಗೆ ನೋಡುವುದಕ್ಕಲ್ಲ, ಕಿಟಕಿಗೆ ಬೆನ್ನು ಹಾಕಿ, ಬೀರುವಿನ ಹಾಗೆ ಅಡ್ಡ ಕೂರುವುದಕ್ಕೆ. ನನಗೆ ಹೆಣ್ಣು ನೋಡಲು ಹೋದಾಗಲೂ ಹಾಗೇ ಕೂತ. ಆ ಕತ್ತಲಲ್ಲಿ ನಾನು ಒಪ್ಪಿದ್ದು ಹುಡುಗಿಯನ್ನೋ ಅವಳ ಚಿಕ್ಕಮ್ಮನನ್ನೋ ಎಂಬ ಅನುಮಾನ ಮದುವೆಯವರೆಗೂ ಉಳಿದಿತ್ತು!

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಊರಾಚೆಯ ಕಲ್ಲುಕ್ವಾರಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸಿದರು. ನಮ್ಮ ಕಿಟಕಿ ಗಾಜು ಚೂರಾಗಿ, ಅಕ್ಕಿ ಆರಿಸುತ್ತಿದ್ದ ಅವ್ವನ ಕೆನ್ನೆ ಸೀಳಿತು. ಕ್ವಾರಿಯವರು ಬಂದು ಹೇಗಿದ್ದೀರಿ ಎಂದೂ ಕೇಳಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅಂದಿನಿಂದ ಅವ್ವ ಕಿಟಕಿಯ ಬಳಿ ಕೂರುವುದನ್ನೇ ಬಿಟ್ಟಳು. ಮಾವ ಬೇರೆಲ್ಲೂ ಕೂರುವುದನ್ನೇ ಬಿಟ್ಟ.

ಆ ಉರಿಯಲ್ಲೇ ನಾನು ಬಿ.ಇ. ಮುಗಿಸಿದೆ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಎಂಬತ್ತರ ದಶಕದಲ್ಲಿ ಮಾಕಳಿಯ ಹತ್ತಿರ, ಇನ್ನೊಂದು ಕ್ವಾರಿಯ ಎದುರಿಗೇ, ಕಾರ್ಖಾನೆಯೊಂದಕ್ಕೆ ಗಾಜಿನ ಮುಂಭಾಗದ ಕಚೇರಿ ಕಟ್ಟುವ ಕೆಲಸ ಸಿಕ್ಕಿತು. ಮಾಲೀಕನಿಗೆ ಬೇಕಾದದ್ದು ಸೀರೆ ಅಂಗಡಿಯ ಶೋಕೇಸಿನಂಥ ದೊಡ್ಡ ಸಾದಾ ಗಾಜು. ಅವನ ಶೋಕಿಗೆ ಇನ್ನೆಷ್ಟು ಕೆನ್ನೆ ಸೀಳಬೇಕು? ಮೇಜು ಗುದ್ದಿ ಜಗಳವಾಡಿದೆ. ಗಾಜು ಒಡೆಯಬಹುದು, ಆದರೆ ಉದುರಬಾರದು ಎಂದೆ. ಕಾರಿನ ಮುಂದಿನ ಗಾಜಿನಂತೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ, ಅಂಚನ್ನು ಆಳವಾಗಿ ಹಿಡಿಯುವ ಚೌಕಟ್ಟು, ಸುತ್ತ ರಬ್ಬರು. ಕೊನೆಗೂ ನಾನೇ ಗೆದ್ದೆ.

ಕಚೇರಿ ಕಟ್ಟಿ ಮುಗಿದು, ಪ್ರವೇಶದ ಪೂಜೆಯ ದಿನ ಅವ್ವನನ್ನೂ ಮಾವನನ್ನೂ ಕರೆತಂದೆ. ಮಾವ ಏನು ಮಾಡಿದ? ಅವ್ವನನ್ನು ದೂರದ ಗೋಡೆಯ ಪಕ್ಕ ಕೂರಿಸಿ, ತಾನು ಕುರ್ಚಿ ಎಳೆದುಕೊಂಡು ನನ್ನ ಗಾಜಿಗೇ ಬೆನ್ನು ಕೊಟ್ಟು ಕೂತ! ಮಾಲೀಕ ಮುಸಿಮುಸಿ ನಕ್ಕ. ನನ್ನ ತಲೆ ಕೆಟ್ಟುಹೋಯಿತು.

“ಎದ್ದೇಳು ಮಾವ. ಲೆಕ್ಕ ಹಾಕಿ ಕೂರ್ಸಿರೋ ಗಾಜದು. ಇಂಜಿನಿಯರಿಂಗ್ ಓದಿರೋನು ನಾನು.”

“ಓದು ನಿಂದು ಕಣ್ಲಾ. ಬೆನ್ನು ನಂದು.”

ಅಷ್ಟರಲ್ಲಿ ಎದುರಿನ ಕ್ವಾರಿಯಿಂದ ಎಚ್ಚರಿಕೆಯ ಸೀಟಿ, ಹಿಂದೆಯೇ ಢಮ್! ಪೂಜೆಯ ದಿನವೂ ಬಿಡಲಿಲ್ಲ, ಪಾಪಿಗಳು! ಮಾವನ ಹಿಂದಿನ ಗಾಜಿನ ತುಂಬ ಬಿರುಕು ಬಲೆಯಂತೆ ಹರಡಿತು. ನಾನು ಬಾಗಿಲಿಗೆ ಓಡಿ ಕ್ವಾರಿಯವರನ್ನು ಬಾಯಿಗೆ ಬಂದಂತೆ ಬೈದೆ.

ತಿರುಗಿ ನೋಡಿದರೆ, ಮಾವ ಬೆನ್ನು ತಡವಿಕೊಳ್ಳುತ್ತಿದ್ದ. ಆಮೇಲೆ ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿದ. ಒಂದು ಚೂರೂ ಇಲ್ಲ. ಎದ್ದು ನಿಂತ. ಹೆಗಲ ಟವಲು ತೆಗೆದು ತಾನು ಕೂತಿದ್ದ ಕುರ್ಚಿ ಒರೆಸಿದ.

“ಅಕ್ಕಾ, ಬಾ ಇಲ್ಲಿ. ಕಿಟಕಿ ತಾವ ಕೂತ್ಕ. ನಮ್ ಹುಡ್ಗ ಮಾಡಿರೋದು.”