ಅಕ್ಕ ಅನ್ನೋ ಪದವೂ ಮಾವನ ಗೋಣಿಚೀಲವೂ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ ಅಂತ ಯಾರ ಮುಂದೆ ಬೇಕಾದ್ರೂ ಆಣೆ ಇಡ್ತೀನಿ. ಆದ್ರೆ ಪಕ್ಕದಲ್ಲಿ ಅವರಿರಬಾರದು, ಅಷ್ಟೇ! ಇದ್ರೆ ಬಾಯಿ ಬಿಡ್ತಾರೆ, ನನ್ನ ಆಣೆ ಸುಳ್ಳಾಗುತ್ತೆ.

ಕೆಲಸ ಬಸ್ ಕಂಡಕ್ಟರ್‌ದು, ಹುಚ್ಚು ಮಾತ್ರ 'ಅಕ್ಕ' ಅನ್ನೋ ಒಂದೇ ಪದದ್ದು. ಅದು ಯಾವ ಭಾಷೆಯಲ್ಲಿ ಏನು, ಎಲ್ಲಿಂದ ಬಂತು ಅಂತ ಹನ್ನೊಂದು ವರ್ಷದಿಂದ ಬರೀತಾನೇ ಇದ್ದಾರೆ. ಒಂದ್ಸಲ ಬಸ್ಸಲ್ಲಿ ಮಾವಿನ ವ್ಯಾಪಾರದ ಸಾಬರೊಬ್ರು ಸಿಕ್ಕಿದ್ರು.

"ನಿಮ್ಮ ಮನೇಲಿ ಅಕ್ಕನಿಗೆ ಏನಂತೀರಿ?"

"ಆಪಾ ಅಂತೀವಿ."

"ಹಾಗಾದ್ರೆ ಅಕ್ಕ ಅಂದ್ರೆ?"

"ಅಕ್ಕ ಅಂದ್ರೆ ನಿಮ್ಮಕ್ಕ, ಕಂಡಕ್ಟರ್ ಸಾಬ್! ನಾನಿಳಿಯೋ ಶ್ರೀನಿವಾಸಪುರ ಹಿಂದೆ ಹೋಯ್ತು, ನೀವಿನ್ನೂ ಟಿಕೆಟ್ಟೇ ಕೊಟ್ಟಿಲ್ಲ!"

ಕೋಲಾರದ ಟೊಮ್ಯಾಟೊ ಮಾರ್ಕೆಟ್‌ನಲ್ಲಿ ಇನ್ನೊಂದು ಕಥೆ. "ಅಕ್ಕಾ, ಫಿನ್‌ಲ್ಯಾಂಡ್‌ನಲ್ಲಿ ಅಕ್ಕ ಅಂದ್ರೆ ಮುದುಕಿ ಅಂತೆ, ಗೊತ್ತಾ?" ಅಂತ ಮಾವ ಕ್ರೇಟ್ ಹೊತ್ಕೊಂಡು ಹೋಗ್ತಿದ್ದ ಒಬ್ಬ ಹೆಂಗಸನ್ನ ಕೇಳಿದ್ರು. ಆಯಮ್ಮ ಕ್ರೇಟ್ ಕೆಳಗಿಟ್ಟು, "ಎವಡ್ರಾ ವಾಡು? ಯಾವನೋ ಅವನು? ನನ್ನ ಮುದುಕಿ ಅಂದೋನ್ನ ಕರ್ಕೊಂಡು ಬಾ ಇಲ್ಲಿಗೆ!" ಅಂತ ಸೆರಗು ಸಿಕ್ಕಿಸಿದ್ಲು. ಫಿನ್‌ಲ್ಯಾಂಡಿನ ಪುಣ್ಯ, ಅದು ದೂರದಲ್ಲಿದೆ.

ಬರೆದ ಹಾಳೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಹುತ್ತೂರಿನ ನಮ್ಮ ಮನೇಲಿ ಇಟ್ಟಿದ್ರು. ಹೋದ ತಿಂಗಳು, "ಪುಸ್ತಕ ಮಾಡಿಸ್ತೀನಿ, ಪ್ರೆಸ್ಸಿನೋರು ಒಪ್ಪಿದ್ದಾರೆ!" ಅಂತ ಕುಣೀತಾ ಬಂದ್ರು. ನೋಡಿದ್ರೆ ಚೀಲ ಖಾಲಿ! ನಮ್ಮಮ್ಮ, ಅಂದ್ರೆ ಅವರ ಅಕ್ಕ, ಹಳೇ ಪೇಪರ್ ಅಂದ್ಕೊಂಡು ಒಂದೂ ಬಿಡದೆ ರೇಷ್ಮೆಹುಳದ ತಟ್ಟೆಗಳಿಗೆ ಹಾಸಿಬಿಟ್ಟಿದ್ಲು. ಮೇಲೆ ಹುಳ ಬೇರೆ ಜ್ವರಕ್ಕೆ ಕೂತಿದ್ವು. ಪೊರೆ ಬಿಡೋ ಹೊತ್ತಿಗೆ ನಮ್ಮ ಕಡೆ ಹಾಗಂತೀವಿ. ಆಗ ಅಲುಗಾಡಿಸಿದ್ರೆ ಬೆಳೆ ಕೆಟ್ಟಂಗೇ.

ಮಾವ ಹುಳದ ಮನೆ ಹೊಸ್ತಿಲಲ್ಲೇ ಕುಸಿದು ಕೂತ್ರು.

"ನನ್ನ ಕೈಗಿಷ್ಟು ಬೆಂಕಿ ಹಾಕ! ಹಾಳೆ ಎಳ್ಕೊಳ್ಳೋ, ಹುಳ ಹೋದ್ರೆ ಹೋಗ್ಲಿ" ಅಂತ ಅಮ್ಮ ಅಳೋಕೆ ಶುರು ಮಾಡಿದ್ಲು.

ಮಾವ ತಟ್ಟೆ ಕಡೆ ಕೈ ಚಾಚಿದೋರು ಹಾಗೇ ಹಿಂದಕ್ಕೆ ತಗೊಂಡ್ರು. "ಬೇಡ ಬಿಡಕ್ಕ. ನಿನಗೋಸ್ಕರಾನೇ ಬರೆದಿದ್ದು. ನಿಂಗೆ ಓದೋಕೇ ಬರಲ್ಲ ಅನ್ನೋದು ಇಷ್ಟು ವರ್ಷ ನನ್ನ ತಲೆಗೇ ಹೊಳೀಲಿಲ್ಲ ನೋಡು! ಕೂತ್ಕೋ, ಬಾಯಲ್ಲೇ ಹೇಳ್ತೀನಿ."

ಹೇಳಿದ್ರು. ಉಜ್ಬೆಕ್ಕಿನೋರು ಅಣ್ಣನಿಗೆ 'ಅಕಾ' ಅಂತಾರೆ ಅಂದಾಗ ಅಮ್ಮ ಅಳೋದು ಬಿಟ್ಟು ಕೇಳಿದ್ಲು. ಫಿನ್‌ಲ್ಯಾಂಡಿಗೆ ಬಂದಾಗ ಬಿದ್ದೂ ಬಿದ್ದೂ ನಕ್ಕಳು. ಕೊನೆಗೆ ಮಾವ ತಗ್ಗಿದ ದನೀಲಿ, "ಸಂಸ್ಕೃತದಲ್ಲಿ ಅಕ್ಕ ಅಂದ್ರೆ ತಾಯಿ ಅಂತೆ" ಅಂದ್ರು.

ಅಜ್ಜಿ ತೀರಿಕೊಂಡಾಗ ಮಾವನಿಗೆ ಒಂದೂವರೆ ವರ್ಷ, ಅಮ್ಮನಿಗೆ ಎಂಟು. ಸ್ಲೇಟು ಮೂಲೆಗಿಟ್ಟು ತಮ್ಮನ್ನ ಸೊಂಟಕ್ಕೇರಿಸಿಕೊಂಡೋಳು ಅವಳು.

"ಅಷ್ಟು ತಿಳ್ಕೊಳ್ಳೋಕೆ ಹನ್ನೊಂದು ವರ್ಷ ಬೇಕಾಯ್ತೇನ್ಲಾ?" ಅಂತ ಅಮ್ಮ ಸೆರಗಿನಿಂದ ಅವರ ಮುಖ ಒರೆಸಿದ್ಲು. ಐವತ್ತು ದಾಟಿದ ನಮ್ಮ ಮಾವ ಸುಮ್ಮನೆ ಒರೆಸಿಸ್ಕೊಂಡು ಕೂತಿದ್ರು. ನನಗೂ ಅಳು ತಡೆಯೋಕಾಗಲಿಲ್ಲ.