ಒಂದೇ ವೈರಿನ ಸಂಸಾರ

ನನ್ನ ಹೆಂಡತಿ ಪಂಕಜಂ ಮಂದಗತಿಯವಳೆಂದು ಗಣಪತಿ ಬಡಾವಣೆಯ ನಮ್ಮ ಬೀದಿಗೆಲ್ಲ ಹದಿನೆಂಟು ವರ್ಷ ಸಾರಿದವನು ನಾನೇ. ಮುಂದಿನ ಕೋಣೆಯಲ್ಲಿ ನನ್ನ ಲೇತ್; ಪಂಪಿನ ಶಾಫ್ಟ್ ಕಡೆಯುವ ಘನಕಾರ್ಯ. ಹಿಂದೆ, ಅಡುಗೆಮನೆ ಪಕ್ಕ, ಅವಳ ಮೋಟಾರಿನ ಹೊಲಿಗೆ ಮೆಷಿನ್. ದಿನಕ್ಕೆ ಇಪ್ಪತ್ತು ಒಳಲಂಗ ಹೊಲಿದರೆ ಹೆಚ್ಚು. ಎದುರುಮನೆ ಕಣ್ಣಮ್ಮ ನಲವತ್ತು ಹೊಲಿಯುತ್ತಿದ್ದಳು. ಊಟಕ್ಕೆ ಕೂತಾಗಲೆಲ್ಲ ಪಂಕಜಂಗೆ ನನ್ನಿಂದ ಚುರುಕುತನದ ಮೇಲೊಂದು ಉಪನ್ಯಾಸ. (ಬಡಿಸುತ್ತಿದ್ದವಳೂ ಅವಳೇ.) ನಿಧಾನ ಎಂಬ ಕಾರಣಕ್ಕೆ ಒಳ್ಳೆಯ ಕೂಲಿಯ ನೈಟಿ ಕೆಲಸವೆಲ್ಲ ಕಣ್ಣಮ್ಮನ ಪಾಲಾಯಿತು.

ಈ ವರ್ಷ ನನಗೆ ಆರ್ಡರ್ ನಿಂತಿತು. ಎರಡು ತಿಂಗಳು ಲೇತ್ ಸುಮ್ಮನಿತ್ತು. ಮೊದಲ ವಾರವೇ ಪಂಕಜಂ ದಿನಕ್ಕೆ ನಲವತ್ತೈದು ಒಳಲಂಗ ದಾಟಿದಳು. ಒಲೆ ಉರಿದದ್ದು ಅದರಿಂದಲೇ. ಇಷ್ಟು ವರ್ಷ ಮೈಗಳ್ಳತನ ಮಾಡಿದ್ದಾಳೆಂದು ನಾನು ತೀರ್ಪು ಕೊಟ್ಟೆ.

ಕೊನೆಗೆ ಮೋಹನ್ ರಾಜ್ ಎಂಬ ಪಂಪಿನ ವ್ಯಾಪಾರಿ ಹತ್ತು ಶಾಫ್ಟ್ ಕಳಿಸಿದ. ಲೇತ್ ಹಾಕಿದೆ. ಒಳಗೆ ಬಲ್ಬು ಕೆಂಪಾಯಿತು, ಹೊಲಿಗೆ ಮೆಷಿನ್ ನರಳಿತು. ಅವಳ ಮೆಷಿನ್ ಕೆಟ್ಟಿದೆಯೆಂದು ಎಲೆಕ್ಟ್ರಿಷಿಯನ್ ಅಯ್ಯಾಸಾಮಿಯನ್ನು ಕರೆಸಿದೆ. ಅವನು ಮೀಟರಿನಿಂದ ಅಡುಗೆಮನೆವರೆಗೆ ನಡೆದು ನೋಡಿದ.

"ಅಣ್ಣಾ, ಮನೆಗೆಲ್ಲ ಒಂದೇ ಸಣ್ಣ ವೈರ್. ನೀವು ಲೇತ್ ಹಾಕಿದ್ರೆ ಅಕ್ಕನ ಮೆಷಿನ್‌ಗೆ ಕರೆಂಟ್ ಎಲ್ಲಿಂದ ಬರುತ್ತೆ?"

ಮದುವೆಯಾದ ಮೂರನೇ ವರ್ಷವೇ ಇದನ್ನು ಹೇಳಿದ್ದೆ ಎಂದಳು ಪಂಕಜಂ. ಪೆಡಲ್ ಸರಿಯಾಗಿ ತುಳಿಯಲು ಆಗ ನಾನು ಬೋಧಿಸಿದ್ದು ನನಗೂ ನೆನಪಾಯಿತು.

ಅವಳಿಗೇ ಬೇರೆ ವೈರ್ ಎಳೆಸುತ್ತೇನೆ ಎಂದು ಉದಾರವಾಗಿ ಘೋಷಿಸಿದೆ. ಅವಳು ಹಲ್ಲಿನಿಂದ ದಾರ ಕಡಿದಳು.

"ಏನುಂಗ, ಹೋದ ಹದಿನೆಂಟು ವರ್ಷಕ್ಕೂ ಸೇರ್ಸಿ ಎಳೀತೀರಾ?"

ದನಿಯಲ್ಲಿ ಕೋಪವಿರಲಿಲ್ಲ. ನಾನು ಅಯ್ಯಾಸಾಮಿಯತ್ತ ತಿರುಗಿ ವೈರಿನ ಬೆಲೆ ವಿಚಾರಿಸಿದೆ.

ಹೊಸ ಲೈನಿಗೆ ಒಂದು ತಿಂಗಳು ಬೇಕಂತೆ. ಅಲ್ಲಿವರೆಗೆ ಅವಳು ಊಟಕ್ಕೆ ಎದ್ದಾಗ ಮಾತ್ರ ಲೇತ್ ಓಡಿಸಬಹುದೆಂದು ಅಪ್ಪಣೆಯಾಯಿತು. ಅವಳ ಊಟ ಏಳೇ ನಿಮಿಷ. (ಹದಿನೆಂಟು ವರ್ಷದಲ್ಲಿ ನಾನು ಇದನ್ನು ಗಮನಿಸಿರಲಿಲ್ಲ.) ಹೀಗಾಗಿ ಅಡುಗೆಯನ್ನು ನಾನೇ ವಹಿಸಿಕೊಂಡೆ. ಊಟ ಲಂಬಿಸಲೆಂದು ನಿನ್ನೆ ಸಾಂಬಾರು, ರಸಂ, ಎರಡು ಪಲ್ಯ, ವಡೆ ಮಾಡಿದೆ. ಅವಳನ್ನು ಎಲೆಯ ಮುಂದೆ ಕೂರಿಸಿ ಓಡಿಹೋಗಿ ಲೇತ್ ಹಾಕಿದೆ. ಶಾಫ್ಟ್ ಅರ್ಧವಾಗಿತ್ತು, ಒಳಗಿಂದ ಪಂಕಜಂ ಮಜ್ಜಿಗೆ ಎಲ್ಲಿಟ್ಟಿದ್ದೀರಿ ಎಂದು ಕೇಳಿದಳು.

ಲೇತ್ ನಿಲ್ಲಿಸಿ ಮಜ್ಜಿಗೆ ತಂದೆ. ಅಷ್ಟರಲ್ಲಿ ಅವಳು ಕೈ ತೊಳೆದು ಮೆಷಿನ್ ಮುಂದೆ ಕೂತಿದ್ದಳು.